ಮಾರಲಾಗದ ಕಂಪನಿಯೊಂದನ್ನು ಕಟ್ಟಿದ ಅನುಭವ

ಮಧುಗಿರಿ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಕೊರಲೆ, ನವಣೆ, ಸಾಮೆಯಂಥ ಸಿರಿಧಾನ್ಯ ಬೆಳೆಯುವ ನಾವು ಕೆಲವು ಕುಟುಂಬಗಳು ಸೇರಿ ರೈತ ಉತ್ಪಾದಕ ಕಂಪನಿಯೊಂದನ್ನು ನೋಂದಾಯಿಸಿ, ಅದರ ಮೊದಲ ವರ್ಷದ ಲೆಕ್ಕಪತ್ರಗಳಿಗೆ ಲೆಕ್ಕಪರಿಶೋಧಕರ ಸಹಿ ಪಡೆದದ್ದು ಈಚೆಗೆ. ಹತ್ತಾರು ವರ್ಷ ಬಾಳುವ, ಬೆಳೆಗಾರರಿಗೂ ಉಣ್ಣುವವರಿಗೂ ಅನ್ಯಾಯವಾಗದ ಒಂದು ಉದ್ಯಮ ಬೇಕೆಂಬ ಆಸೆ ಹೇಳಲು ಸುಲಭ. ಆದರೆ ಆ ಆಸೆಯನ್ನು ಪಹಣಿ, ಪ್ಯಾನ್ ಕಾರ್ಡು, ಡಿಜಿಟಲ್ ಸಹಿ, ಬಾಡಿಗೆ ಕರಾರು ಮತ್ತು ಬ್ಯಾಂಕಿನ ಸಾಲದ ಅರ್ಜಿಯ ಮೂಲಕ ಹಾಯಿಸುವಾಗ ಏನೇನು ಎದುರಾಗುತ್ತದೆ ಎಂಬುದನ್ನು ನಮಗೆ ಯಾರೂ ಮೊದಲೇ ವಿವರಿಸಿರಲಿಲ್ಲ. ಇದೇ ಹಾದಿ ಹಿಡಿಯುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಕೊರಲೆಯನ್ನು ಕಣದಿಂದಲೇ ತೂಗಿ ಕೊಡುವುದು ರೂಢಿ. ಕಾಳಿನಲ್ಲಿ ಕಲ್ಲಿದೆ, ತೇವವಿದೆ ಎಂದು ಬೆಲೆ ಮುರಿಯುವವರು ಮುರಿಯುತ್ತಾರೆ. ಅದೇ ಕಾಳು ಹೊಟ್ಟು ಕಳಚಿಕೊಂಡು ಕೊರಲೆ ಅಕ್ಕಿಯಾಗಿ ಬೆಂಗಳೂರಿನ ಅಂಗಡಿಯಲ್ಲಿ ಕುಳಿತಾಗ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಈ ಅಂತರವೆಲ್ಲವೂ ವ್ಯಾಪಾರಿಯ ಲಾಭವಲ್ಲ ಎಂಬುದು ನಾವೇ ಯಂತ್ರ ಓಡಿಸಿದ ಮೇಲೆ ತಿಳಿಯಿತು, ಏಕೆಂದರೆ ಹೊಟ್ಟು, ನುಚ್ಚು, ತೌಡು, ಕಸ ಎಲ್ಲ ಕಳೆದ ಮೇಲೆ ಕೈಗೆ ಉಳಿಯುವ ಅಕ್ಕಿ ತಂದ ಕಾಳಿಗಿಂತ ಬಹಳ ಕಡಿಮೆ. ಆದರೂ ಆ ಅಂತರದ ಒಂದು ಪಾಲು ಊರಿನಲ್ಲಿ ಉಳಿಯಲು ಸಾಧ್ಯವಿತ್ತು.

ಮೊದಲ ತೊಡಕು ಯಾವ ರೂಪದಲ್ಲಿ ಸಂಸ್ಥೆ ಕಟ್ಟಬೇಕೆಂಬುದು. ಟ್ರಸ್ಟ್ ಮಾಡಿದರೆ ಬೆಳೆಗಾರರು ಫಲಾನುಭವಿಗಳಾಗಿ ಉಳಿಯುತ್ತಾರೆಯೇ ಹೊರತು ಮಾಲೀಕರಾಗುವುದಿಲ್ಲ. ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿಯಲ್ಲಿ ಸದಸ್ಯರಿಗೆ ಲಾಭಾಂಶ ಕೊಡುವಂತಿಲ್ಲ. ಪ್ರೈವೇಟ್ ಲಿಮಿಟೆಡ್‌ನಲ್ಲಿ ಷೇರು ಹೆಚ್ಚಿದ್ದವರ ಮಾತೇ ಮಾತು. ಸಹಕಾರ ಸಂಘದ ಬಗ್ಗೆ ಹಿರಿಯರಿಗೆ ಒಲವಿತ್ತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಸಂಘದ ಪರಂಪರೆ ನಮ್ಮ ರಾಜ್ಯದ್ದೇ ಅಲ್ಲವೇ ಎಂಬ ವಾದವೂ ಬಂತು. ಆದರೆ ಸಂಘಕ್ಕೆ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರ ಸರ್ಕಾರದ ಕೈಯಲ್ಲಿರುತ್ತದೆ ಎಂಬ ಅಂಜಿಕೆ ಕಿರಿಯರನ್ನು ಬಿಡಲಿಲ್ಲ. ಕೊನೆಗೆ ಸಹಕಾರ ಸಂಘ ಮತ್ತು ಪ್ರೈವೇಟ್ ಲಿಮಿಟೆಡ್‌ಗಳ ನಡುವಿನ ರೂಪವಾದ ಉತ್ಪಾದಕ ಕಂಪನಿಯನ್ನು ಆರಿಸಿಕೊಂಡೆವು. 2002ರ ತಿದ್ದುಪಡಿಯಿಂದ ಹಳೆಯ ಕಂಪನಿ ಕಾಯ್ದೆಯೊಳಗೆ ಬಂದ ಈ ವ್ಯವಸ್ಥೆ 2020ರ ತಿದ್ದುಪಡಿಯ ಮೂಲಕ 2013ರ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವಾಗಿ ಸೇರಿದೆ. ಕನಿಷ್ಠ 10 ಮಂದಿ ಉತ್ಪಾದಕರು, ಕನಿಷ್ಠ 5 ಹಾಗೂ ಗರಿಷ್ಠ 15 ನಿರ್ದೇಶಕರು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ನಮ್ಮನ್ನು ಸೆಳೆದದ್ದು ಇನ್ನೊಂದು ನಿಯಮ. ಇದರ ಷೇರನ್ನು ಹೊರಗಿನವರಿಗೆ ಮಾರಲಾಗದು. ಸದಸ್ಯನಿಂದ ಸದಸ್ಯನಿಗೆ, ಅದೂ ಮಂಡಳಿಯ ಒಪ್ಪಿಗೆಯೊಂದಿಗೆ ಮಾತ್ರ ಕೈಬದಲಾಗಬೇಕು. ಐದಾರು ವರ್ಷ ಬೆಳೆಸಿ, ಒಳ್ಳೆಯ ಬೆಲೆ ಬಂದಾಗ ಕೊಟ್ಟು ಹೊರಬರುವ ಲೆಕ್ಕಾಚಾರಕ್ಕೆ ಇಲ್ಲಿ ಜಾಗವಿಲ್ಲ. ಬೆಂಗಳೂರಿನಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ನನಗೆ ಇದರ ಇನ್ನೊಂದು ಮುಖವೂ ಕಾಣುತ್ತಿತ್ತು: ಹೊರಗಿನ ಹೂಡಿಕೆದಾರ ಬರಲಾರ, ಆದ್ದರಿಂದ ಬಂಡವಾಳವೂ ಸುಲಭವಾಗಿ ಬಾರದು. ಆ ಬೆಲೆ ತೆತ್ತಾದರೂ ಈ ಬೇಲಿ ನಮಗೆ ಬೇಕೆಂದು ತೀರ್ಮಾನಿಸಿದೆವು. ಮುಂದೆ ಪಟ್ಟ ಪಾಡಿನ ಬಹುಪಾಲು ಈ ಒಂದು ತೀರ್ಮಾನದಿಂದಲೇ ಹುಟ್ಟಿತು.

ಉತ್ಪಾದಕರು ಎಂದು ತೋರಿಸಲು ಪಹಣಿ ಕೇಳುತ್ತಾರೆ. ಇಲ್ಲಿಯೇ ನಾವು ದೀರ್ಘಕಾಲ ಸಿಕ್ಕಿಕೊಂಡೆವು. ನನ್ನ ಪಾಲಿನ ಜಮೀನು ತೀರಿಹೋದ ತಾತನ ಹೆಸರಿನಲ್ಲಿಯೇ ಇತ್ತು. ನಮ್ಮೊಂದಿಗಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಿತ್ತನೆಯಿಂದ ಕಣದವರೆಗೆ ದುಡಿಯುವವರಾದರೂ ಪಹಣಿಯಲ್ಲಿ ಮಾಲೀಕರನ್ನು ನಮೂದಿಸುವ ಒಂಬತ್ತನೇ ಕಾಲಮ್ಮಿನಲ್ಲಿ ಅವರ ಹೆಸರಿರಲಿಲ್ಲ. ಗಂಡನದೋ, ಮಾವನದೋ, ಭಾವಂದಿರೊಂದಿಗಿನ ಜಂಟಿ ಖಾತೆಯೋ ಇತ್ತು. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಯ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ಆಮೇಲೆ ಆಕ್ಷೇಪಣೆಯ ಅವಧಿ ಮುಗಿಯುವವರೆಗೆ ಕಾಯುವುದು, ಇಷ್ಟೂ ಆಗಬೇಕು. ಬೇರೆ ಊರಿನಲ್ಲಿರುವ ಅತ್ತೆಯಂದಿರ ಒಪ್ಪಿಗೆ ಪಡೆಯುವಾಗ ಹಳೆಯ ಮನೆಜಗಳಗಳೂ ಎದ್ದು ಕೂರುತ್ತವೆ ಎಂಬುದನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ.

ಹಿಂದೆ ಬರುವವರು ಒಂದು ವಿಷಯ ಗಮನಿಸಬೇಕು. ಕಾಯ್ದೆಯಲ್ಲಿ ಉತ್ಪಾದಕ ಎಂದರೆ ಭೂಮಾಲೀಕ ಎಂದಷ್ಟೇ ಅಲ್ಲ. ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಿಸಿದ ಕೆಲಸದಲ್ಲಿ ತೊಡಗಿದ ಯಾರೇ ಆದರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಇದನ್ನು ತಿಳಿದ ಕಂಪನಿ ಕಾರ್ಯದರ್ಶಿಯೊಬ್ಬರು ಸಿಕ್ಕ ಮೇಲೆ, ಪಹಣಿ ಇಲ್ಲದ ಹೆಣ್ಣುಮಕ್ಕಳಿಗೆ ಕೃಷಿಯಲ್ಲಿ ತೊಡಗಿರುವ ಬಗ್ಗೆ ಕಂದಾಯ ಇಲಾಖೆಯ ದೃಢೀಕರಣ ಪಡೆದು ಅವರನ್ನೂ ಸದಸ್ಯರನ್ನಾಗಿಸಿದೆವು. ಗೇಣಿಗೆ ಮಾಡುವವರನ್ನು ಹೀಗೆಯೇ ಸೇರಿಸಿಕೊಂಡೆವು. ಪಹಣಿಯೊಂದನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಊರಿನ ದುಡಿಯುವ ಕೈಗಳಲ್ಲಿ ಅರ್ಧದಷ್ಟು ಹೊರಗೇ ಉಳಿಯುತ್ತಿದ್ದವು.

ಆನ್‌ಲೈನ್ ನೋಂದಣಿಗೆ ಬೇಕಾದ ನಿರ್ದೇಶಕರ ಡಿಜಿಟಲ್ ಸಹಿಯದು ಬೇರೆಯೇ ಕಥೆ. ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕುಗಳಲ್ಲಿ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ನಮ್ಮ ಹಳ್ಳಿಯ ಹೆಸರುಗಳು ಇಂಗ್ಲಿಷಿಗೆ ಹೋದಾಗ ಒಂದೊಂದು ಕಚೇರಿಯಲ್ಲಿ ಒಂದೊಂದು ರೂಪ ತಾಳಿರುತ್ತವೆ, ತಂದೆಯ ಹೆಸರಿನ ಮೊದಲ ಅಕ್ಷರ ಒಂದು ಕಡೆ ಮುಂದಿದ್ದರೆ ಇನ್ನೊಂದು ಕಡೆ ಹಿಂದಿರುತ್ತದೆ. ತಿದ್ದುಪಡಿಗೆ ಕೊಟ್ಟು ಕಾಯುವುದೊಂದೇ ಉಪಾಯ. ಸಹಿ ಪಡೆಯುವ ಮುನ್ನ ಮೊಬೈಲಿನ ಕ್ಯಾಮೆರಾದ ಮುಂದೆ ಕುಳಿತು, ಪರದೆಯ ಮೇಲೆ ಬಂದ ಅಂಕಿಗಳನ್ನು ಓದಿ ಹೇಳುವ ವಿಡಿಯೊ ಪರಿಶೀಲನೆಯೂ ಇರುತ್ತದೆ. ಊರಿನಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ನೀರಿನ ಟ್ಯಾಂಕಿನ ಬಳಿ. ನಮ್ಮ ನಿರ್ದೇಶಕರಲ್ಲಿ ಹಿರಿಯಳಾದ ದೊಡ್ಡಮ್ಮನನ್ನು ಅಲ್ಲಿಯೇ ಕುರ್ಚಿ ಹಾಕಿ ಕೂರಿಸಿದೆವು. ತಲೆಯ ಮೇಲಿನ ಸೆರಗು ಹಿಂದೆ ಸರಿಸಿ, ಕನ್ನಡಕ ತೆಗೆದು ನೋಡಲು ಹೇಳಿದರು. ಕನ್ನಡಕ ತೆಗೆದರೆ ಆಕೆಗೆ ಅಂಕಿಯೇ ಕಾಣದು. “ಒಂದಾ ನನ್ನ ಮುಖ ನೋಡ್ಲಿ, ಇಲ್ಲಾ ನಾನು ಓದೋದು ಕೇಳ್ಲಿ, ಎರಡೂ ಒಟ್ಟಿಗೇ ಅಂದ್ರೆ ಹೆಂಗಮ್ಮಾ?” ಎಂದು ಆಕೆ ರೇಗಿದಳು. ಅಂಕಿಗಳನ್ನು ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಮೊಬೈಲಿನ ಹಿಂದೆ ಹಿಡಿದು ನಿಂತಾಗ ಕೆಲಸವಾಯಿತು. ಎಲ್ಲ ನಿರ್ದೇಶಕರ ಸಹಿಯನ್ನೂ ಒಮ್ಮೆಲೇ ಮಾಡಿಸಲು ಹೋಗದೆ, ಮೊದಲು ಪ್ರತಿಯೊಬ್ಬರ ಆಧಾರ್ ಮತ್ತು ಪ್ಯಾನ್ ಎದುರುಬದುರಾಗಿಟ್ಟು ಹೋಲಿಸಿಕೊಳ್ಳುವುದು ಒಳ್ಳೆಯದು. ಸಹಿಗೆ ಅವಧಿ ಇರುತ್ತದೆ, ಒಬ್ಬರ ಪ್ಯಾನ್ ತಿದ್ದುಪಡಿಗೆ ಕಾಯುತ್ತ ಉಳಿದವರ ಸಹಿಯ ಅವಧಿ ಸವೆಯುತ್ತದೆ.

ಹೆಸರು ಕಾಯ್ದಿರಿಸುವ ಅರ್ಜಿಯಲ್ಲಿ ಎರಡು ಹೆಸರು ಸೂಚಿಸಬಹುದು, ಶುಲ್ಕ 1,000 ರೂಪಾಯಿ. ಸಿರಿ, ಭೂಮಿ, ನೇಗಿಲು ಮೊದಲಾದ ಪದಗಳ ಹೆಸರುಗಳೆಲ್ಲ ಯಾರ್ಯಾರದೋ ಆಗಿಹೋಗಿವೆ. ನಮ್ಮ ಮೊದಲ ಅರ್ಜಿ ಹಾಗೆಯೇ ತಿರುಗಿ ಬಂತು. ಹೆಸರು ಮಂಜೂರಾದ ಬಳಿಕ ಉಳಿದ ಕಾಗದಪತ್ರ ಸಲ್ಲಿಸಲು ಇರುವುದು 20 ದಿನ ಮಾತ್ರ, ಆದ್ದರಿಂದ ಕಂಪನಿ ಹೇಗೆ ನಡೆಯಬೇಕೆಂದು ಹೇಳುವ ನಿಯಮಾವಳಿಯ ಕರಡು ಸಿದ್ಧವಾಗದೆ ಹೆಸರಿಗೆ ಅರ್ಜಿ ಹಾಕಬಾರದು. ಅರ್ಜಿಗಳನ್ನು ಪರಿಶೀಲಿಸುವುದು ಹರಿಯಾಣದ ಮಾನೇಸರಿನಲ್ಲಿರುವ ಕೇಂದ್ರೀಯ ನೋಂದಣಿ ಕೇಂದ್ರ. ಬೆಂಗಳೂರಿಗೆ ಹೋಗಿ ಯಾರನ್ನೋ ಕಂಡು ವಿಚಾರಿಸುವ ಮಾತಿಲ್ಲ, ಆಕ್ಷೇಪಣೆಯ ಟಿಪ್ಪಣಿ ಬಂದರೆ ಅದಕ್ಕೆ ಆನ್‌ಲೈನಿನಲ್ಲಿಯೇ ಉತ್ತರಿಸಬೇಕು. ಡಿಜಿಟಲ್ ಸಹಿಗಳು, ಮುದ್ರಾಂಕ ಶುಲ್ಕ, ವೃತ್ತಿಪರರ ಶುಲ್ಕ ಎಲ್ಲ ಸೇರಿದ ಖರ್ಚನ್ನು ನಾವು ಕೆಲವರು ಕೈಯಿಂದಲೇ ಹಾಕಿದೆವು. ಮೊದಲ ಸಾಮಾನ್ಯ ಸಭೆ ಒಪ್ಪಿದರೆ ಈ ಖರ್ಚನ್ನು ಪ್ರವರ್ತಕರಿಗೆ ಕಂಪನಿ ಮರುಪಾವತಿಸಬಹುದು ಎಂದು ಕಾಯ್ದೆಯಲ್ಲಿದೆ. ಚಿಕ್ಕ ರಸೀದಿಯನ್ನೂ ಎಸೆಯದಿರಿ.

ನಿಯಮಾವಳಿಯ ಕರಡಿಗೆ ನಾವು ಕೊಟ್ಟಷ್ಟು ಸಮಯವನ್ನು ಬೇರಾವುದಕ್ಕೂ ಕೊಡಲಿಲ್ಲ. ಸಿದ್ಧ ಮಾದರಿಯೊಂದನ್ನು ಹಾಗೆಯೇ ಒಪ್ಪಿಸಿಬಿಡೋಣ ಎಂದು ಸಲಹೆ ಕೊಟ್ಟವರಿದ್ದರು. ನಾವು ಮಾತ್ರ ಅದನ್ನು ಕನ್ನಡಕ್ಕೆ ಮಾಡಿಕೊಂಡು, ಶಾಲೆಯ ಜಗಲಿಯಲ್ಲಿ ಕಲಮು ಕಲಮಾಗಿ ಓದಿಸಿದೆವು. ಸದಸ್ಯನು ತಂದ ಕಾಳಿಗೆ ಆಗಲೇ ಎಷ್ಟು ಕೊಡಬೇಕು, ಎಷ್ಟನ್ನು ವರ್ಷದ ಕೊನೆಯವರೆಗೆ ಹಿಡಿದಿಡಬೇಕು ಎಂಬುದರ ಮೇಲೆ ದೊಡ್ಡ ಜಗ್ಗಾಟವೇ ನಡೆಯಿತು. ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ: ಬೆಲೆಯ ಒಂದು ಭಾಗವನ್ನು ತಡೆಹಿಡಿದು ಆಮೇಲೆ ಕೊಡಬಹುದು, ಷೇರಿನ ಮೇಲಿನ ಲಾಭಾಂಶಕ್ಕೆ ಮಿತಿ ಇರುತ್ತದೆ, ಹೆಚ್ಚುವರಿ ಉಳಿದರೆ ಯಾರು ಎಷ್ಟು ಕಾಳು ತಂದರೋ ಆ ಪ್ರಮಾಣದಲ್ಲಿ ಬೋನಸ್ ಹಂಚಬಹುದು, ಸಾಮಾನ್ಯ ಮೀಸಲು ನಿಧಿ ಕಡ್ಡಾಯ. ಅಂದರೆ ದುಡ್ಡು ಹಾಕಿದವನಿಗಿಂತ ದವಸ ತಂದವನಿಗೆ ಹೆಚ್ಚು ಸಲ್ಲುತ್ತದೆ. ಸಾಮಾಜಿಕ ಹೊಣೆ ಎಂದು ನಾವು ಕರೆಯುವುದು ನಿಜವಾಗಿ ನಿಲ್ಲುವುದು ಈ ಸಾಲುಗಳಲ್ಲಿ. ನಮ್ಮ ಒಳ್ಳೆಯತನದ ಮೇಲೆ ಬಿಟ್ಟಿದ್ದರೆ ಬೆಲೆ ಕುಸಿದ ಮೊದಲ ವರ್ಷವೇ ಅದು ಮಾತಾಗಿ ಉಳಿಯುತ್ತಿತ್ತು.

ಕಾಳಿನ ವ್ಯಾಪಾರ ಮಾಡುವ ಹಿರಿಯರೊಬ್ಬರು ಆ ದಿನಗಳಲ್ಲಿ ಮನೆಗೆ ಬಂದರು. ಅವರಿಗೂ ಹೊಲವಿದೆ, ಕೊರಲೆಯನ್ನೂ ಬೆಳೆಯುತ್ತಾರೆ. “ನೋಡಮ್ಮಾ, ಮಿಷನ್ನಿನ ದುಡ್ಡು ಪೂರಾ ನಂದೇ ಇರ್ಲಿ. ನಿಮ್ಮ ಮಂಡಳೀಲಿ ನಮ್ಮ ಹುಡುಗನಿಗೆ ಒಂದು ಜಾಗ ಕೊಡಿ, ಸಾಕು” ಎಂದರು. ಕಂಪನಿಯ ವ್ಯವಹಾರಕ್ಕೆ ಎದುರಾದ ಹಿತಾಸಕ್ತಿ ಉಳ್ಳವರು ಸದಸ್ಯರಾಗುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. “ದೊಡ್ಡಪ್ಪಾ, ನಿಮ್ಮನ್ನ ಬೇಡ ಅನ್ನೋಕೆ ನಾವ್ಯಾರು? ಕಾನೂನು ಒಪ್ಪಲ್ಲ” ಎಂದು ಪುಟ ತೋರಿಸಿದೆ. ಅವರು ಕಾಫಿ ಕುಡಿದು ಹೋದರು. ಆಮೇಲೆ ಕೆಲವರು ಅವರ ಸಾಲಕ್ಕೆ ಕಟ್ಟುಬಿದ್ದವರು ನಮ್ಮಿಂದ ದೂರ ಸರಿದರು. ದೂರ ಸರಿದವರ ಮೇಲೆ ನನಗೆ ಕೋಪವಿಲ್ಲ, ಬಿತ್ತನೆಯ ವೇಳೆ ಅವರ ಕೈಗೆ ಹಣ ಕೊಡುವವರು ಆ ಹಿರಿಯರೇ ಅಲ್ಲವೇ.

ನೋಂದಣಿ ಪತ್ರ ಬಂದ ದಿನದಿಂದ ಗಡಿಯಾರ ಓಡತೊಡಗುತ್ತದೆ. ಕಂಪನಿಯ ಪ್ಯಾನ್ ಮತ್ತು ತೆರಿಗೆ ಕಡಿತಕ್ಕೆ ಬೇಕಾದ ಟ್ಯಾನ್ ಸಂಖ್ಯೆ ಅದರೊಂದಿಗೇ ಬರುತ್ತವೆ, ಬ್ಯಾಂಕ್ ಖಾತೆಗೂ ಅದೇ ಅರ್ಜಿಯಲ್ಲಿ ಕೋರಿಕೆ ಹೋಗಿರುತ್ತದೆ, ಆದರೆ ಶಾಖೆಯವರು ಮಂಡಳಿಯ ನಿರ್ಣಯ ಹಾಗೂ ಎಲ್ಲ ನಿರ್ದೇಶಕರ ಗುರುತಿನ ದಾಖಲೆ ನೋಡದೆ ಖಾತೆಗೆ ಜೀವ ಕೊಡುವುದಿಲ್ಲ. ಷೇರಿನ ಹಣ ಖಾತೆಗೆ ಜಮೆಯಾದ ದಾಖಲೆಯೊಂದಿಗೆ 180 ದಿನಗಳೊಳಗೆ ವ್ಯವಹಾರ ಆರಂಭದ ಘೋಷಣೆ ಸಲ್ಲಿಸಬೇಕು. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ಹೊಣೆಗಾರ ಅಧಿಕಾರಿಗಳಿಗೆ ದಿನಕ್ಕೆ 1,000 ರೂಪಾಯಿಯಂತೆ ಬೇರೆ. ಮೊದಲ ವಾರ್ಷಿಕ ಸಭೆ 90 ದಿನಗಳೊಳಗೆ ಆಗಬೇಕು, 14 ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಡಬೇಕು, ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ ಹಾಜರಿದ್ದರೆ ಮಾತ್ರ ಕೋರಂ. ನಮ್ಮ ಸಭೆ ಕಡಲೆಕಾಯಿ ಕೀಳುವ ಕಾಲಕ್ಕೆ ಬಿತ್ತು. ಕೂಲಿಯಾಳು ಸಿಗದ ದಿನಗಳಲ್ಲಿ ಹೊಲ ಬಿಟ್ಟು ಬನ್ನಿ ಎಂದರೆ ಯಾರು ಬರುತ್ತಾರೆ? ಸಂಜೆಗೆ ಇಟ್ಟುಕೊಂಡು, ಊಟದ ವ್ಯವಸ್ಥೆ ಮಾಡಿ, ಮನೆಮನೆಗೆ ಹೋಗಿ ಕರೆತಂದೆವು. ಹಾಜರಿ ಪುಸ್ತಕದಲ್ಲಿ ಕೋರಂ ತುಂಬುವವರೆಗೆ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ನೋಂದಣಿಯ ತಿಂಗಳನ್ನು ಆರಿಸುವಾಗ ಬೆಳೆಯ ಪಂಚಾಂಗವನ್ನೂ ನೋಡಿಕೊಳ್ಳಿ.

ಹಣದ ವಿಷಯಕ್ಕೆ ಬರುತ್ತೇನೆ. 2020ರ ಫೆಬ್ರುವರಿಯಲ್ಲಿ ಆರಂಭವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಡಿ ಹುಟ್ಟಿದ ಸಂಸ್ಥೆಗಳಿಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ವೆಚ್ಚವೂ, ಪ್ರತಿ ರೈತನಿಗೆ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷ ಮೀರದಂತೆ, ಸರಿಸಮಾನ ಷೇರು ಅನುದಾನವೂ ದೊರೆಯುವಂತಿತ್ತು. ನಾವು ಆ ಯೋಜನೆಯ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ತಲಾ 1,000 ರೂಪಾಯಿಯ ಷೇರು ಹಣವೇ ನಮ್ಮ ಅಡಿಪಾಯ. ಒಮ್ಮೆಗೆ ಕೊಡಲಾಗದವರು ಸ್ವಸಹಾಯ ಸಂಘದಿಂದ ತಂದುಕೊಟ್ಟರು. ಕಾಯ್ದೆಯಂತೆ ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರೊಬ್ಬರು ಇರಲೇಬೇಕು, ಅವರಿಗೆ ಸಂಬಳ ಕೊಡಬೇಕು. ವ್ಯಾಪಾರ ಆರಂಭವಾಗುವ ಮುನ್ನವೇ ತಗಲುವ ಈ ವೆಚ್ಚವನ್ನು ಯೋಜನೆಯ ಹೊರಗಿನವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರದ ಸಾಲಕ್ಕೆ ಹೋದ ಬ್ಯಾಂಕಿನಲ್ಲಿ ಮೂರು ವರ್ಷಗಳ ಲೆಕ್ಕಪರಿಶೋಧಿತ ಆಸ್ತಿ-ಹೊಣೆ ಪಟ್ಟಿ ಕೇಳಿದರು. ನಮಗಾಗ ಒಂದು ವರ್ಷವೂ ತುಂಬಿರಲಿಲ್ಲ. ನಿರ್ದೇಶಕರ ಸ್ವಂತ ಜಮೀನು ಅಡವಿಡಿ ಎಂದರು. ಅದಕ್ಕೆ ನಾವು ಒಪ್ಪಲಿಲ್ಲ, ಏಕೆಂದರೆ ಹಾಗೆ ಮಾಡಿದರೆ ಜಮೀನಿದ್ದವರಷ್ಟೇ ನಿರ್ದೇಶಕರಾಗುವ ಪದ್ಧತಿ ಹಿಂಬಾಗಿಲಿನಿಂದ ಬಂದು ಕೂರುತ್ತದೆ. ಬೇರೊಂದು ಶಾಖೆಯಲ್ಲಿ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಡಿ ಅರ್ಜಿ ಹಾಕಿದ ಮೇಲೆ ಕೆಲಸ ಮುಂದೆ ಸಾಗಿತು. ರಾಜ್ಯದಲ್ಲಿ ಇದರ ಹೊಣೆ ಹೊತ್ತ ನೋಡಲ್ ಸಂಸ್ಥೆ ಕೆಪೆಕ್, ಅಂದರೆ ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ. 35 ಇತ್ತು, ಆದರೆ ಅದು ಸಾಲದೊಂದಿಗೆ ಹೆಣೆದುಕೊಂಡದ್ದು, ಮೊದಲೇ ಕೈಗೆ ಬರುವ ನಗದಲ್ಲ. ಸಹಾಯಧನ ಬರುತ್ತದೆಂದು ನಂಬಿ ಯಂತ್ರದವನಿಗೆ ಮುಂಗಡ ಕೊಟ್ಟು ಕೂತವರನ್ನು ನಾನು ಕಂಡಿದ್ದೇನೆ. ಅರ್ಜಿಗೆ ಬೇಕಾದ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಸರ್ಕಾರದ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಸಾವಿರಗಟ್ಟಲೆ ವಸೂಲು ಮಾಡುತ್ತವೆ, ಎಚ್ಚರ.

ಯಂತ್ರ ಕೂರಿಸುವ ಜಾಗವನ್ನು ಸದಸ್ಯರೊಬ್ಬರು ಹೊಲದಲ್ಲಿಯೇ ಕೊಡಲು ಮುಂದೆ ಬಂದಿದ್ದರು. ಕೃಷಿ ಭೂಮಿಯಾದ್ದರಿಂದ ಭೂ ಪರಿವರ್ತನೆ ಬೇಕಾಗುತ್ತಿತ್ತು, ಅದಕ್ಕೆ ತಗಲುವ ಕಾಲ ನಮ್ಮಲ್ಲಿರಲಿಲ್ಲ. ಗ್ರಾಮಠಾಣದೊಳಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇರುವ ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದೆವು. ಆಹಾರ ಸುರಕ್ಷತಾ ಪರವಾನಗಿಗೆ ಗೋದಾಮಿನ ನಕ್ಷೆ, ಬಾಡಿಗೆ ಕರಾರು, ಯಂತ್ರಗಳ ಪಟ್ಟಿ, ನೀರಿನ ಪರೀಕ್ಷಾ ವರದಿ ಕೇಳಿದರು. ಕೊಳವೆಬಾವಿಯ ನೀರಿನ ವರದಿಯೇ ಎಲ್ಲಕ್ಕಿಂತ ತಡವಾದದ್ದು. ನಾವು ಕಟ್ಟಿದ ಶುಲ್ಕ ವರ್ಷಕ್ಕೆ 3,000 ರೂಪಾಯಿ. ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದವರ ವಿಳಾಸ, ಗ್ರಾಹಕರ ದೂರಿಗೆ ದೂರವಾಣಿ ಸಂಖ್ಯೆ ಇರಬೇಕು, ತೂಕ ಮತ್ತು ಅಳತೆ ಇಲಾಖೆಯಲ್ಲಿ ಪೊಟ್ಟಣ ಕಟ್ಟುವವರ ನೋಂದಣಿಯೂ ಬೇಕು. ಧಾನ್ಯವನ್ನು ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಇಲ್ಲ. 25 ಕಿಲೋವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದರೆ ಶೇ. 5. ಪರವಾನಗಿ ಸಂಖ್ಯೆ ಕೈಗೆ ಬರುವ ಮುನ್ನ ಚೀಲ ಮುದ್ರಿಸಬೇಡಿ.

ಕೊರಲೆ ಬಲು ಸಣ್ಣ ಕಾಳು. ಹೊಟ್ಟು ತೆಗೆಯುವ ಯಂತ್ರದ ವೇಗ ಸ್ವಲ್ಪ ಹೆಚ್ಚಾದರೆ ಅಕ್ಕಿ ನುಚ್ಚಾಗುತ್ತದೆ, ಕಡಿಮೆಯಾದರೆ ಹೊಟ್ಟಿನೊಂದಿಗೇ ಹೊರಬೀಳುತ್ತದೆ. ಯಂತ್ರದವರು ಕಳುಹಿಸಿದ ಹುಡುಗ ನವಣೆಗೆ ಹೊಂದಿಸಿಕೊಟ್ಟು ಹೋಗಿದ್ದ. ದೊಡ್ಡಮ್ಮ ಯಂತ್ರದ ಬಾಯಿಗೆ ಮೊರ ಒಡ್ಡಿ, ಬಿದ್ದ ಅಕ್ಕಿಯನ್ನು ಒಮ್ಮೆ ಕೇರಿ, ಬೆರಳ ತುದಿಯಲ್ಲಿ ಉಜ್ಜಿ ನೋಡಿ, ಇನ್ನಷ್ಟು ಒಣಗಿಸಬೇಕೆಂದಳು. ತೇವಾಂಶ ಮಾಪಕ ಹಚ್ಚಿದರೆ ಆಕೆಯ ಮಾತೇ ನಿಜ. ಅಂದಿನಿಂದ ಕಾಳು ಕೊಳ್ಳುವ ಮುನ್ನ ಮಾಪಕ ಹಚ್ಚಿ, ಬಂದ ಅಂಕಿಯನ್ನು ತಂದವರ ಎದುರಿಗೇ ಬರೆಯುತ್ತೇವೆ.

ಪಾಲಿಶ್ ಮಾಡುವ ಪ್ರಶ್ನೆ ಆಗಲೇ ಎದ್ದದ್ದು. ತೌಡಿನ ಪದರ ಉಳಿಸಿದರೆ ಅದರ ಎಣ್ಣೆಯಂಶದಿಂದ ಅಕ್ಕಿ ಬೇಗ ಕಮಟು ವಾಸನೆಗೆ ತಿರುಗುತ್ತದೆ. ಅಂಗಡಿಯವರು ಬೆಳ್ಳಗಿರಲಿ, ಬಹುಕಾಲ ಬಾಳಲಿ ಎನ್ನುತ್ತಾರೆ. ದೊಡ್ಡ ಖರೀದಿದಾರರೊಬ್ಬರು ಪಾಲಿಶ್ ಮಾಡದಿದ್ದರೆ ಬೇಡವೆಂದು ಕೈಬಿಟ್ಟರು. ನಾವು ಕಾಳನ್ನು ಹೊಟ್ಟಿನೊಂದಿಗೇ ದಾಸ್ತಾನಿಟ್ಟು, ಬೇಡಿಕೆ ಬಂದಷ್ಟನ್ನೇ ಸಂಸ್ಕರಿಸುವ ಕ್ರಮ ಹಿಡಿದೆವು. ಮಾರಾಟ ನಿಧಾನವಾಯಿತು, ಹಾಳಾಗುವುದೂ ಕಡಿಮೆಯಾಯಿತು. ಗೋದಾಮಿನ ಬಾಗಿಲ ಪಕ್ಕದ ಹಲಗೆಯ ಮೇಲೆ ಕಾಳಿನ ಖರೀದಿ ಬೆಲೆ, ಸಂಸ್ಕರಣೆ, ಚೀಲ, ಸಾಗಣೆ, ಮಾರಿದ ಬೆಲೆ ಇಷ್ಟನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಇದನ್ನು ಓದಿ ಜಗಳಕ್ಕೆ ಬರುವವರಿದ್ದಾರೆ; ಬರಲಿ ಎಂದೇ ಬರೆಯುವುದು. ಪ್ರತಿ ಸದಸ್ಯನಿಗೂ ಒಂದು ಪಾಸ್‌ಬುಕ್ಕು ಕೊಟ್ಟಿದ್ದೇವೆ, ತಂದ ಕಾಳಿನ ತೂಕ, ಕೊಟ್ಟ ಹಣ, ತಡೆಹಿಡಿದ ಹಣ ಮೂರೂ ಅದರಲ್ಲಿರುತ್ತವೆ. ಬೋನಸ್ ಹಂಚುವ ದಿನ ಈ ಪುಸ್ತಕವಿಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಸದಸ್ಯರನ್ನು ಒಪ್ಪಿಸಲಾರದು.

ಮೊದಲ ವರ್ಷ ಲಾಭವೆನ್ನುವಂಥದ್ದು ಉಳಿಯಲಿಲ್ಲ. ತಡೆಹಿಡಿದ ಬೆಲೆಯನ್ನು ಪೂರ್ತಿ ಕೊಟ್ಟು, ಮೀಸಲು ನಿಧಿಗೆ ಅಲ್ಪ ಮೊತ್ತ ಹಾಕಿದೆವು, ಲಾಭಾಂಶ ಘೋಷಿಸಲಿಲ್ಲ. ಸಭೆಯಲ್ಲಿ ಬೇಸರವಿತ್ತು, ಆದರೆ ಷೇರು ವಾಪಸು ಕೇಳಿದವರು ಬೆರಳೆಣಿಕೆಯವರು. ಇನ್ನು ಮುಂದಿನವರಿಗೆ ಹೇಳಬೇಕಾದದ್ದು ವಾರ್ಷಿಕ ಸಲ್ಲಿಕೆಗಳ ಬಗ್ಗೆ. ವ್ಯಾಪಾರ ಇರಲಿ ಬಿಡಲಿ, ಲೆಕ್ಕಪತ್ರ ಮತ್ತು ವಾರ್ಷಿಕ ವಿವರಗಳನ್ನು ಅವಧಿಯೊಳಗೆ ಸಲ್ಲಿಸಬೇಕು. ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತಲೇ ಹೋಗುತ್ತದೆ, ಅದಕ್ಕೆ ಮೇಲ್ಮಿತಿಯೂ ಇಲ್ಲ. ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಈ ಶುಲ್ಕದ ಭಾರಕ್ಕೇ ಬಾಗಿಲು ಮುಚ್ಚಿದ ಉತ್ಪಾದಕ ಕಂಪನಿಗಳಿವೆ. ಮಂಡಳಿಯ ಸಭೆ ಮೂರು ತಿಂಗಳಿಗೊಮ್ಮೆ ನಡೆಯಲೇಬೇಕು, ನಡಾವಳಿ ಪುಸ್ತಕ ಆಗಿಂದಾಗಲೇ ಬರೆದಿರಬೇಕು, ಆಂತರಿಕ ಲೆಕ್ಕ ತಪಾಸಣೆಯೂ ಕಡ್ಡಾಯ. ಈ ವೃತ್ತಿಪರರ ಶುಲ್ಕಕ್ಕೆಂದು ಪ್ರತಿ ತಿಂಗಳೂ ಒಂದಿಷ್ಟನ್ನು ಪ್ರತ್ಯೇಕ ಖಾತೆಗೆ ಹಾಕುವ ಪದ್ಧತಿಯನ್ನು ನಾವೀಗ ಶುರುಮಾಡಿದ್ದೇವೆ. ಟ್ರೇಡ್‌ಮಾರ್ಕ್ ಅರ್ಜಿಯ 4,500 ರೂಪಾಯಿಯನ್ನೂ ಅದರಿಂದಲೇ ಕಟ್ಟಿದೆವು, ಅದರ ಪರಿಶೀಲನಾ ವರದಿ ಇನ್ನೂ ಬರಬೇಕಾಗಿದೆ.